ಸರಕು ವಾಹನ ಅಪಘಾತಗಳ ಸಂತ್ರಸ್ತರಿಗೆ ಕಾನೂನು ನೆರವು ಕೋರಿ ಹೂಲಿ ಗ್ರಾಮಸ್ಥರ ಮನವಿ ಪತ್ರ

ಗೆ,
ಮಾನ್ಯ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು ಹಾಗೂ ಅಧ್ಯಕ್ಷರು,
ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಬೆಳಗಾವಿ.

ಮುಖಾಂತರ: ತಾಲ್ಲೂಕು ಕಾನೂನು ಸೇವಾ ಸಮಿತಿ, ಸವದತ್ತಿ.

ವಿಷಯ: ಲಾರಿ, ಟ್ರ್ಯಾಕ್ಟರ್ ಮತ್ತು ಸರಕು ಗಾಡಿಗಳ ಅಪಘಾತದಲ್ಲಿ ಸತ್ತವರ ಹಾಗೂ ಗಾಯಗೊಂಡವರ ಕುಟುಂಬಗಳಿಗೆ ಉಚಿತ ಕಾನೂನು ನೆರವು ಮತ್ತು ನ್ಯಾಯಬದ್ಧ ಪರಿಹಾರ ಸಿಗುವಂತೆ ಕ್ರಮ ಕೈಗೊಳ್ಳುವ ಬಗ್ಗೆ.

ಮಾನ್ಯರೇ,

ಸವದತ್ತಿ ತಾಲ್ಲೂಕಿನ ಹೂಲಿ ಗ್ರಾಮದವರಾದ ನಾವು ನಮ್ಮೂರ ಪಂಚಲಿಂಗೇಶ್ವರ ಗುಡಿಯ ಮುಂದೆ ಸೇರಿ, ಮಾತಾಡಿ, ಈ ಮನವಿಯನ್ನು ತಮ್ಮ ಸನ್ನಿಧಿಗೆ ಸಲ್ಲಿಸುತ್ತಿದ್ದೇವೆ.

2023ರ ಜನವರಿ 5ರ ಬೆಳಗು ಈ ಸೀಮೆಯವರಿಗೆ ಇನ್ನೂ ಮರೆತಿಲ್ಲ. ಮರುದಿನ ಬನದ ಹುಣ್ಣಿಮೆ. ರಾಮದುರ್ಗ ತಾಲ್ಲೂಕಿನ ಹುಲಕುಂದದಿಂದ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಭಕ್ತರನ್ನು ಹೊತ್ತಿದ್ದ ಸರಕು ಗಾಡಿ ಚುಂಚನೂರ ಬಳಿ ಆಲದ ಮರಕ್ಕೆ ಬಡಿಯಿತು. ಆರು ಜನ ತೀರಿಕೊಂಡರು, ಉಳಿದವರು ಗಾಯಗೊಂಡು ಆಸ್ಪತ್ರೆ ಸೇರಿದರು. ಅಂದಿನ ಜಿಲ್ಲಾ ಉಸ್ತುವಾರಿ ಸಚಿವರು ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿದರು. ಎರಡು ವರ್ಷದ ಮೇಲೆ, 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ಲಾರಿ ಯಲ್ಲಾಪುರದ ಬಳಿ ಕಣಿವೆಗೆ ಉರುಳಿತು. ಅದರಲ್ಲಿದ್ದ ಹತ್ತು ವ್ಯಾಪಾರಿಗಳು ಅಂದೇ ಸತ್ತರು. ರಾಜ್ಯ ಸರ್ಕಾರ 3 ಲಕ್ಷ, ಪ್ರಧಾನಿಯವರ ಪರಿಹಾರ ನಿಧಿ 2 ಲಕ್ಷ ಎಂದು ಘೋಷಣೆಯಾಯಿತು.

ನಮ್ಮ ಮನವಿ ಹುಟ್ಟಿದ್ದು ಈ ಘೋಷಣೆಗಳ ಮುಂದೆಯೇ. ಗುಡಿಯ ಮುಂದೆ ಮಾತು ಬಂದಾಗ ಹಿರಿಯರೊಬ್ಬರು ಕೇಳಿದರು: "ಪರಿಹಾರ ಬಂದೈತಲ್ಲ, ಮತ್ಯಾಕ ಕೋರ್ಟು?" ಅವರ ತಪ್ಪಿಲ್ಲ. ಸರ್ಕಾರ ಕರುಣೆಯಿಂದ ಕೊಡುವ ಚೆಕ್ಕೂ ಪರಿಹಾರ, ಮೋಟಾರು ಅಪಘಾತ ನ್ಯಾಯಮಂಡಳಿ ಹಕ್ಕಿನಿಂದ ಕೊಡಿಸುವುದೂ ಪರಿಹಾರ, ಲಾರಿ ಗುದ್ದಿ ಓಡಿಹೋದಾಗ ಕೇಂದ್ರದ ಯೋಜನೆ ಕೊಡುವುದೂ ಪರಿಹಾರ. ನಮ್ಮ ಮಾತಿನಲ್ಲಿ ಮೂರಕ್ಕೂ ಒಂದೇ ಹೆಸರು. ಮೊದಲನೆಯದು ಕೈಗೆ ಬಂದರೆ ಉಳಿದವೂ ಮುಗಿದವು ಎಂದು ಮನೆಯವರು ಸುಮ್ಮನಾಗುತ್ತಾರೆ.

ಹೀಗೆ ಸುಮ್ಮನಾಗುವುದರಿಂದ ಆಗುವ ನಷ್ಟವನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ. ಮೂವತ್ತೆಂಟು ವರ್ಷದ ಕೂಲಿ ಹೆಣ್ಣುಮಗಳೊಬ್ಬಳು ಲಾರಿಗೆ ಸಿಕ್ಕಿ ಸತ್ತಳು ಎನ್ನೋಣ. ತಿಂಗಳ ದುಡಿಮೆ ಬರೀ 10,000 ರೂಪಾಯಿ, ನೆಚ್ಚಿಕೊಂಡವರು ನಾಲ್ವರು. ಸುಪ್ರೀಂ ಕೋರ್ಟ್‌ನ 2017ರ ಪ್ರಣಯ್ ಸೇಠಿ ತೀರ್ಪಿನಂತೆ ಮುಂದಿನ ಗಳಿಕೆಗೆಂದು ಶೇ 40 ಸೇರಿಸಿದರೆ 14,000. ಆಕೆಯ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 10,500. ವರ್ಷಕ್ಕೆ 1,26,000. 2009ರ ಸರಳಾ ವರ್ಮಾ ತೀರ್ಪು ಆ ವಯಸ್ಸಿಗೆ ಕೊಟ್ಟ ಗುಣಕ 15. ಗುಣಿಸಿದರೆ 18,90,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಬಾಬ್ತುಗಳು ಇದಕ್ಕೆ ಮೇಲೆ. ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರವೇ ಲೋಕ ಅದಾಲತ್ತಿಗಾಗಿ ಮಾಡಿರುವ ಕಲ್ಪಿತ ಆದಾಯದ ಪಟ್ಟಿಯಲ್ಲಿ ಈಚಿನ ವರ್ಷಗಳ ಅಂಕಿ ನಾವು ಹಿಡಿದ ಹತ್ತು ಸಾವಿರಕ್ಕಿಂತ ಮೇಲಿದೆ. ಕೂಲಿಗೆ ಹೋಗದೆ ಮನೆಯಲ್ಲೇ ದುಡಿದವಳ ದುಡಿಮೆಗೂ ಬೆಲೆ ಕಟ್ಟಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟೆಲ್ಲ ಇದ್ದೂ ನಮ್ಮ ಮನೆಗಳಲ್ಲಿ ಐದು ಲಕ್ಷದ ಚೆಕ್ಕಿಗೆ ಕೈಮುಗಿದು ಲೆಕ್ಕ ಮುಗಿಸುತ್ತಾರೆ.

ಕಾಲದ ಪ್ರಶ್ನೆಯೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, 2022ರ ಏಪ್ರಿಲ್ 1ರಿಂದ ಈಚೆಗೆ, ಅಪಘಾತವಾದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋಗಿವೆ. ಆದರೆ ಸೂತಕ, ತಿಥಿ, ಸಾಲ, ಸುಗ್ಗಿ ಎನ್ನುವುದರೊಳಗೆ ಆರು ತಿಂಗಳು ಸರಿದೇ ಹೋಗುತ್ತದೆ. ಈ ನಡುವೆ ಆಸ್ಪತ್ರೆಯ ಬಾಗಿಲಲ್ಲೇ ಕೇಸು ಹಿಡಿಯುವ ದಲ್ಲಾಳಿಗಳು ಬಂದು, ಬಂದ ಹಣದಲ್ಲಿ ಪಾಲಿನ ಮಾತಾಡಿ, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ವಕೀಲರೆಲ್ಲರ ಮೇಲೆ ಇದು ದೂರಲ್ಲ. ನಮ್ಮ ತಾಲ್ಲೂಕಿನಲ್ಲಿ ಫೀಸು ಕೇಳದೆ ನಿಂತ ವಕೀಲರನ್ನೂ ನಾವು ಕಂಡಿದ್ದೇವೆ.

ಇನ್ನು ಸರಕು ಗಾಡಿಯಲ್ಲಿ ಕೂತವರ ಪಾಡು. ತನ್ನ ಮಾಲಿನ ಜೊತೆ ಹೊರಟ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಇರಬೇಕೆಂದು ಮೋಟಾರು ವಾಹನ ಕಾಯ್ದೆಯ 147ನೇ ಕಲಮು ಹೇಳುತ್ತದೆ. ತರಕಾರಿ ಚೀಲದೊಡನೆ ಹೊರಟ ವ್ಯಾಪಾರಿಗೆ ಅಷ್ಟರ ಮಟ್ಟಿಗೆ ದಾರಿ ಇದೆ, ಅಲ್ಲೂ ಕ್ಯಾಬಿನ್ನಿನಲ್ಲಿದ್ದನೋ ಮಾಲಿನ ಮೇಲೆ ಕೂತಿದ್ದನೋ ಎಂಬ ತಕರಾರು ತಪ್ಪಿದ್ದಲ್ಲ. ದೇವಿಯ ಪೂಜೆಯ ಪಡ್ಡಲಗಿ ತುಂಬಿಸಲು ಎಲ್ಲಮ್ಮನ ಗುಡ್ಡಕ್ಕೆ ಹೊರಟು ಅದೇ ಗಾಡಿ ಹತ್ತಿದವಳಿಗೆ ಆ ದಾರಿಯೂ ಇಲ್ಲ. ಅಂಥವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್‌ನ 2002ರ ಆಶಾ ರಾಣಿ ತೀರ್ಪು ಹೇಳಿತು. 2004ರ ಬಲ್ಜಿತ್ ಕೌರ್ ಪ್ರಕರಣದಲ್ಲಿ, ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು ಆಮೇಲೆ ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಅದೇ ನ್ಯಾಯಾಲಯ ಆದೇಶಿಸಿತು. ಈ ಎರಡು ತೀರ್ಪುಗಳ ನಡುವಿನ ಸಂದಿಯಲ್ಲಿ ಒಂದು ಬಡ ಕುಟುಂಬದ ಅನ್ನ ಸಿಕ್ಕಿಕೊಂಡಿರುತ್ತದೆ. ಅಲ್ಲಿ ವಾದ ಮಾಡಬಲ್ಲ ವಕೀಲರು ಬೇಕು. ಸರಕು ಗಾಡಿ ಹತ್ತಬಾರದೆಂದು ನಮಗೂ ಗೊತ್ತಿದೆ. ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಬಸ್ಸಿನ ಬಾಗಿಲಲ್ಲಿ ಕಾಲಿಡಲು ಜಾಗ ಸಿಕ್ಕಿದ್ದರೆ ಯಾರೂ ಹತ್ತುತ್ತಿರಲಿಲ್ಲ.

ಕಬ್ಬಿನ ಹಂಗಾಮಿನ ಮಾತೂ ಇದೇ ಜಾತಿಯದು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ, ಪ್ರತಿಫಲಕ ಪಟ್ಟಿಯಿಲ್ಲದೆ ಇರುಳಲ್ಲಿ ರಸ್ತೆಗೆ ಇಳಿಯುತ್ತವೆ. ಬೈಕಿನವನಿಗೆ ಟ್ರಾಲಿ ಕಾಣುವುದು ಅದಕ್ಕೆ ಬಡಿದ ಮೇಲೆ. ಒಕ್ಕಲುತನಕ್ಕೆಂದು ವಿಮೆ ಮಾಡಿಸಿ ಬಾಡಿಗೆಗೆ ಕಬ್ಬು ಹೊಡೆಯುವ ಗಾಡಿಯಾದರೆ ಕಂಪನಿಯ ತಕರಾರು ಬೇರೆ.

ಆದಕಾರಣ ತಮ್ಮಲ್ಲಿ ನಾವು ಕೇಳಿಕೊಳ್ಳುವುದು ಇದು.

ಅಪಘಾತವಾದ 48 ಗಂಟೆಯೊಳಗೆ ಪೊಲೀಸರು ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು, ಹತ್ತು ದಿನದೊಳಗೆ ಸಂತ್ರಸ್ತರ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು ಅವರ ಕೈಗೆ ಕೊಡಬೇಕು, 90 ದಿನದೊಳಗೆ ವಿವರವಾದ ವರದಿ ಮುಗಿಸಬೇಕು ಎಂದು 2022ರ ಕೇಂದ್ರ ನಿಯಮಗಳಲ್ಲಿದೆ. ಅದೇ ವರ್ಷದ ಡಿಸೆಂಬರ್ 15ರಂದು ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಲು ಆದೇಶಿಸಿದೆ. ಹಕ್ಕುಗಳ ಆ ನಮೂನೆಯನ್ನು ಓದಿದರೆ ತಿಳಿಯುವ ಕನ್ನಡದಲ್ಲಿ ಅಚ್ಚು ಹಾಕಿಸಿ ಸವದತ್ತಿ, ಯರಗಟ್ಟಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ತಾಲ್ಲೂಕುಗಳ ಪ್ರತಿ ಠಾಣೆಯಲ್ಲೂ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಇರಿಸಬೇಕು. ಸಾವಾದ ಪ್ರತಿ ಅಪಘಾತದಲ್ಲೂ ಆ ಮನೆಗೆ ತಿಂಗಳೊಳಗೆ ಅರೆಕಾಲಿಕ ಕಾನೂನು ಸ್ವಯಂಸೇವಕರೊಬ್ಬರು ಹೋಗಿಬರುವಂತಾಗಬೇಕು. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ನೋಡದೆ ವಕೀಲರನ್ನು ಕೊಡುವ ಅವಕಾಶ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿಯೇ ಇದೆ. ಅಪಘಾತ ಯಲ್ಲಾಪುರದಲ್ಲಾದರೂ ಧಾರವಾಡದಲ್ಲಾದರೂ ಅರ್ಜಿದಾರರು ತಾವು ವಾಸಿಸುವ ಸೀಮೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಇದು ನಮ್ಮಲ್ಲಿ ಬಹುಪಾಲು ಜನಕ್ಕೆ ಗೊತ್ತೇ ಇಲ್ಲ.

ಗುದ್ದಿ ಓಡಿಹೋದ ಪ್ರಕರಣಗಳಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಕೊಡುವ ಯೋಜನೆ 2022ರಿಂದ ಜಾರಿಯಲ್ಲಿದೆ. ವಿಚಾರಣೆ ತಹಶೀಲ್ದಾರ್ ಹಂತದಲ್ಲೇ ನಡೆಯಬಹುದು. ತಿಂಗಳಾದರೂ ವಾಹನ ಸಿಗದಿದ್ದರೆ ಪೊಲೀಸರೇ ಲಿಖಿತವಾಗಿ ಮನೆಯವರಿಗೆ ಈ ಯೋಜನೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿ 12ರಂದು ಸೂಚಿಸಿದೆ. ನಮ್ಮ ತಾಲ್ಲೂಕಿನಲ್ಲಿ ಇಂಥ ಪ್ರಕರಣ ಎಷ್ಟು, ಅರ್ಜಿ ಎಷ್ಟು ಎಂಬ ಪಟ್ಟಿಯನ್ನು ತರಿಸಿ ನೋಡುವಂತೆ ಪ್ರಾರ್ಥಿಸುತ್ತೇವೆ. ವಿಮೆಯಿಲ್ಲದ ಗಾಡಿಯನ್ನು ಭದ್ರತೆ ಪಡೆಯದೆ ಮಾಲೀಕನಿಗೆ ಬಿಟ್ಟುಕೊಡದಂತೆ ಸಂಬಂಧಿಸಿದವರಿಗೆ ತಿಳಿಸಬೇಕು. ಗಾಡಿ ಕೈಬಿಟ್ಟರೆ ವಸೂಲಿಗೆ ಉಳಿಯುವುದು ಕಾಗದದ ಡಿಕ್ರಿ ಮಾತ್ರ.

ಗಾಯಾಳುವಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಬಂದಿದೆ. ಅದು ಯಾವ ಯಾವ ಆಸ್ಪತ್ರೆಗಳಲ್ಲಿ ಸಿಗುತ್ತದೆಂಬ ಪಟ್ಟಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಲಿ.

ಕೊನೆಯದಾಗಿ, ಬನದ ಹುಣ್ಣಿಮೆಗೆ ಮುಂಚೆ ಹೂಲಿಯಲ್ಲಿ ಒಂದು ದಿನದ ಕಾನೂನು ನೆರವು ಶಿಬಿರ ನಡೆಸಿಕೊಡಬೇಕು. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಆಸ್ಪತ್ರೆಯ ಬಿಲ್ಲು ಹಿಡಿದುಕೊಂಡು ಬರುವವರು ನಮ್ಮೂರಲ್ಲೂ ಸುತ್ತಲ ಹಳ್ಳಿಗಳಲ್ಲೂ ಇದ್ದಾರೆ. ಜಾಗ, ನೆರಳು, ಊಟದ ವ್ಯವಸ್ಥೆ ನಮ್ಮದು. ದಿನಾಂಕ ತಿಳಿಸಿದರೆ ಡಂಗುರ ಸಾರಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಹೂಲಿ ಗ್ರಾಮಸ್ಥರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆ ಲಗತ್ತಿಸಿದೆ)

ಪ್ರತಿಗಳು: ಜಿಲ್ಲಾಧಿಕಾರಿಗಳು, ಬೆಳಗಾವಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಬೆಳಗಾವಿ, ತಹಶೀಲ್ದಾರರು, ಸವದತ್ತಿ, ಸಾರಿಗೆ ಅಧಿಕಾರಿಗಳು, ಬೈಲಹೊಂಗಲ.