ತುವಾಲು ಮುಳುಗುತ್ತಿಲ್ಲ, ಮುಳುಗಿಸುತ್ತಿದ್ದಾರೆ



ಪೆಸಿಫಿಕ್ ಸಾಗರದ ಪುಟ್ಟ ದೇಶ ತುವಾಲುವಿನ ಸುದ್ದಿ ಬಂದಾಗಲೆಲ್ಲ ತಲೆಬರಹ ಒಂದೇ: ‘ಮುಳುಗುತ್ತಿರುವ ದೇಶ’. ಟಿ.ವಿ.ಯವರೂ ಅದನ್ನೇ ಹೇಳುತ್ತಾರೆ, ಪ್ರಬಂಧ ಸ್ಪರ್ಧೆಯಲ್ಲಿ ನಮ್ಮ ಮಕ್ಕಳೂ ಅದನ್ನೇ ಬರೆಯುತ್ತಾರೆ. ಈ ಮಾತಿನ ಬಗ್ಗೆ ನಮ್ಮ ತಕರಾರಿದೆ. ಕನ್ನಡ ಮೇಷ್ಟ್ರುಗಳಾದ ನಮ್ಮ ಕಣ್ಣಿಗೆ ಮೊದಲು ಬೀಳುವುದು ಇದರ ವ್ಯಾಕರಣ. ‘ಮುಳುಗು’ ಎಂದರೆ ತಾನಾಗಿ ಆಗುವ ಕ್ರಿಯೆ. ‘ಮುಳುಗಿಸು’ ಎನ್ನಬೇಕಾದರೆ ಮುಳುಗಿಸುವವರು ಒಬ್ಬರು ಬೇಕು. ಕರ್ತೃಪದ ಎಲ್ಲಿ ಎಂದು ತರಗತಿಯಲ್ಲಿ ಮಕ್ಕಳನ್ನು ಕೇಳುವ ನಾವು ಈ ತಲೆಬರಹ ಬರೆಯುವವರನ್ನೂ ಕೇಳಬೇಡವೇ?

ಮೊದಲು ದೇಶದ ಪರಿಚಯ ಮಾಡಿಕೊಳ್ಳೋಣ. ಹೆಸರು ಕೇಳಿದೊಡನೆ ಮಕ್ಕಳು ಟವೆಲ್ ನೆನಪಾಗಿ ನಗುತ್ತಾರೆ. ನಗಲಿ, ಹೆಸರಾದರೂ ಮನಸ್ಸಿನಲ್ಲಿ ಉಳಿಯುತ್ತದೆ. ಒಂಬತ್ತು ಹವಳದ ದ್ವೀಪಗಳು, ಎಲ್ಲ ಸೇರಿ 26 ಚದರ ಕಿಲೋಮೀಟರ್ ನೆಲ, ಸುಮಾರು ಹನ್ನೊಂದು ಸಾವಿರ ಜನ. ‘ತುವಾಲು’ ಎಂದರೆ ‘ಒಟ್ಟಾಗಿ ನಿಂತ ಎಂಟು’ ಎಂದರ್ಥ. ಹಿಂದೆ ಜನವಸತಿ ಇದ್ದದ್ದು ಎಂಟು ದ್ವೀಪಗಳಲ್ಲಿ ಮಾತ್ರ. ನಮ್ಮ ಲಕ್ಷದ್ವೀಪದ ಹಾಗೆಯೇ ಇಲ್ಲಿಯೂ ನದಿಯಿಲ್ಲ, ಗುಡ್ಡವಿಲ್ಲ. ಇಡೀ ದೇಶದಲ್ಲಿ ಐದು ಮೀಟರ್ ಎತ್ತರದ ಜಾಗ ಹುಡುಕಿದರೂ ಸಿಗದು.

ಈ ಜನರಿಗೆ ಹೊರಗಿನವರಿಂದ ಕಷ್ಟ ಬಂದದ್ದು ಇದೇ ಮೊದಲೇನಲ್ಲ. 1863ರಲ್ಲಿ ಪೆರು ದೇಶದ ಆಳು ಹಿಡಿಯುವ ಹಡಗುಗಳು ಬಂದು, ನುಕುಲೈಲೈ ಮತ್ತು ಫುನಾಫುಟಿ ದ್ವೀಪಗಳಿಂದ 400ಕ್ಕೂ ಹೆಚ್ಚು ಜನರನ್ನು ಆಸೆ ತೋರಿಸಿ, ಮೋಸ ಮಾಡಿ ಸಾಗಿಸಿದವು. ಮರಳಿ ಬಂದವರು ಬೆರಳೆಣಿಕೆಯಷ್ಟು. 1892ರಲ್ಲಿ ಬ್ರಿಟಿಷರು ಈ ‘ಎಲಿಸ್ ದ್ವೀಪ’ಗಳನ್ನು ತಮ್ಮ ರಕ್ಷಣೆಗೆ ಒಳಪಡಿಸಿಕೊಂಡರು, ಆಮೇಲೆ ಗಿಲ್ಬರ್ಟ್ ದ್ವೀಪಗಳ ಜೊತೆ ಸೇರಿಸಿ ಒಂದೇ ವಸಾಹತು ಮಾಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942-43ರಲ್ಲಿ, ಅಮೆರಿಕದ ಸೈನ್ಯ ಫುನಾಫುಟಿಯಲ್ಲಿ ವಿಮಾನ ಇಳಿಯುವ ಓಟದಾರಿ ಕಟ್ಟಿತು. ಅದಕ್ಕಾಗಿ ತೆಂಗಿನ ಮರಗಳನ್ನು ಕಡಿದರು, ನೆಲ ಅಗೆದು ಹವಳದ ಕಲ್ಲು ತೆಗೆದರು. ಯುದ್ಧ ಮುಗಿಯಿತು, ಸೈನ್ಯ ಹೋಯಿತು, ಹೊಂಡಗಳು ಹಾಗೆಯೇ ಉಳಿದವು. ಉಪ್ಪುನೀರು ಮತ್ತು ಕಸ ತುಂಬಿದ ಆ ಹೊಂಡಗಳ ಅಂಚಿನಲ್ಲೇ ಜನ ಮನೆ ಕಟ್ಟಿಕೊಂಡು ಬದುಕಿದರು. ಅವುಗಳನ್ನು ಮುಚ್ಚಿದ್ದು 2015ರಲ್ಲಿ. ಎಪ್ಪತ್ತು ವರ್ಷ ಬೇಕಾಯಿತು!

ಗಡಿನಾಡಿನ ನಮಗೆ ಬೇಗ ಅರ್ಥವಾಗುವ ಇನ್ನೊಂದು ಸಂಗತಿ ಇದೆ. ಗಿಲ್ಬರ್ಟ್ ಜನರ ಭಾಷೆ ಬೇರೆ, ಎಲಿಸ್ ಜನರ ಭಾಷೆ ಬೇರೆ. ಸ್ವಾತಂತ್ರ್ಯ ಬಂದರೆ ದೊಡ್ಡ ಗುಂಪಿನ ಕೆಳಗೆ ತಾವು ಅಲ್ಪಸಂಖ್ಯಾತರಾಗುತ್ತೇವೆ ಎಂದು ಎಲಿಸ್ ಜನ ಪ್ರತ್ಯೇಕತೆ ಕೇಳಿದರು. ಬೇರೆಯಾದರೆ ಒಂದು ಹಡಗು ಕೊಡುತ್ತೇವೆ, ಫಾಸ್ಫೇಟ್ ಗಣಿಯ ಹಣದಲ್ಲಿ ಪಾಲು ಕೊಡುವುದಿಲ್ಲ ಎಂಬುದು ಬ್ರಿಟಿಷರ ಷರತ್ತು. ಆದರೂ 1974ರ ಜನಮತದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬೇರೆಯಾಗಲು ಮತ ಹಾಕಿದರು. 1978ರ ಅಕ್ಟೋಬರ್ 1ರಂದು ತುವಾಲು ಸ್ವತಂತ್ರವಾಯಿತು, 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯನಾಯಿತು. ಹಣ ಬಿಟ್ಟು ಹೆಸರು ಮತ್ತು ಭಾಷೆ ಆರಿಸಿಕೊಂಡ ಈ ಜನರನ್ನು ‘ಪಾಪದ ದ್ವೀಪವಾಸಿಗಳು’ ಎಂದು ಕರೆಯುವುದು ಸರಿಯೇ?

ಈಗ ನೀರಿನ ವಿಷಯಕ್ಕೆ ಬರೋಣ. ಮೂವತ್ತು ವರ್ಷಗಳಲ್ಲಿ ತುವಾಲುವಿನ ಸುತ್ತ ಸಮುದ್ರಮಟ್ಟ ಸುಮಾರು 15 ಸೆಂಟಿಮೀಟರ್ ಏರಿದೆ ಎಂದು ನಾಸಾ 2023ರಲ್ಲಿ ಲೆಕ್ಕ ಕೊಟ್ಟಿದೆ. ‘ಅಷ್ಟೇನಾ? ಅರ್ಧ ಸ್ಕೇಲು!’ ಎನ್ನುವವರಿದ್ದಾರೆ. ಅವರಿಗೆ ಹವಳದ ನೆಲದ ಗುಣ ತಿಳಿದಿಲ್ಲ. ಈ ನೆಲ ಜರಡಿಯ ಹಾಗೆ. ಮಳೆನೀರು ಇಳಿದು, ಅಡಿಯ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಆ ಪದರದವರೆಗೆ ಗುಂಡಿ ತೋಡಿ ಜನ ‘ಪುಲಕಾ’ ಎಂಬ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುತ್ತಾರೆ. ದೊಡ್ಡ ಉಬ್ಬರದ ದಿನಗಳಲ್ಲಿ ಸಮುದ್ರ ದಡ ದಾಟಿ ಬರುವುದಷ್ಟೇ ಅಲ್ಲ, ನೆಲದೊಳಗಿಂದಲೇ ಗುಳುಗುಳು ಉಕ್ಕುತ್ತದೆ. ಗುಂಡಿಗೆ ಉಪ್ಪು ಸೇರಿದರೆ ಗೆಡ್ಡೆ ಕೊಳೆಯುತ್ತದೆ. ಇನ್ನು ಕುಡಿಯುವುದಕ್ಕೆ ಮಳೆನೀರೇ ಗತಿ. 2011ರಲ್ಲಿ ಮಳೆ ಕೈಕೊಟ್ಟಾಗ ತುರ್ತುಸ್ಥಿತಿ ಘೋಷಿಸಿ, ನೀರನ್ನು ಅಳೆದು ಹಂಚಬೇಕಾಯಿತು. 2015ರಲ್ಲಿ ‘ಪಾಮ್’ ಚಂಡಮಾರುತದ ಅಲೆಗಳಿಂದ ಜನಸಂಖ್ಯೆಯ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮನೆ ಬಿಡಬೇಕಾಯಿತು ಎಂದು ಅಲ್ಲಿನ ಸರಕಾರ ಹೇಳಿತು.

ಇದನ್ನೆಲ್ಲ ಕೇಳಿದ ಮೇಲೂ ಕೆಲವರು ಒಂದು ಅಧ್ಯಯನವನ್ನು ಮುಂದೆ ಹಿಡಿಯುತ್ತಾರೆ. ಅದು 2018ರಲ್ಲಿ ಪ್ರಕಟವಾದದ್ದು. 1971ರಿಂದ 2014ರ ನಡುವೆ ತುವಾಲುವಿನ 101 ನಡುಗಡ್ಡೆಗಳ ಒಟ್ಟು ವಿಸ್ತೀರ್ಣ ಸುಮಾರು ಶೇಕಡಾ 3ರಷ್ಟು ಹೆಚ್ಚಿದೆ ಎಂದು ಅದರಲ್ಲಿದೆ. ‘ನೋಡಿ, ಬೆಳೆಯುತ್ತಿದೆ, ಮುಳುಗುವುದೆಲ್ಲ ಸುಳ್ಳು’ ಎಂದು ಅವರ ವಾದ. ಅಧ್ಯಯನ ಸುಳ್ಳಲ್ಲ. ಅಲೆಗಳು ಹವಳದ ಪುಡಿ, ಮರಳು ತಂದು ದಡಕ್ಕೆ ಒಟ್ಟುವುದು ನಿಜ. ಆದರೆ ಹೊಸ ಮರಳಿನ ದಂಡೆಯಲ್ಲಿ ಬಾವಿ ಸಿಹಿಯಾಗುತ್ತದೆಯೇ? ಒಂದು ತುದಿಯಲ್ಲಿ ಮರಳು ಬಿದ್ದಿತೆಂದು ಇನ್ನೊಂದು ತುದಿಯಲ್ಲಿ ಕೊರೆದುಹೋದ ಮನೆಯಂಗಳ ಮರಳಿ ಬರುತ್ತದೆಯೇ? ವಿಸ್ತೀರ್ಣ ಅಳೆದವರು ವಿಸ್ತೀರ್ಣ ಹೇಳಿದರು. ಅದರಿಂದ ಬದುಕನ್ನು ಅಳೆದುಬಿಟ್ಟೆವು ಎನ್ನುವವರದ್ದು ಜಾಣ ಕುರುಡು.

ಸರಿ, ಕರ್ತೃಪದಕ್ಕೆ ಬರೋಣ. ಇದುವರೆಗೆ ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಗಾಳಿಗೆ ಸೇರಿಸಿದ ಇಂಗಾಲದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಅಮೆರಿಕ ಒಂದರದ್ದೇ. ಯುರೋಪಿನ ಹಳೆಯ ಕೈಗಾರಿಕಾ ದೇಶಗಳದ್ದು ದೊಡ್ಡ ಪಾಲು, ಇಂದು ವರ್ಷದ ಲೆಕ್ಕದಲ್ಲಿ ಮುಂದಿರುವುದು ಚೀನಾ. ಭಾರತದಲ್ಲಿ ತಲಾವಾರು ಲೆಕ್ಕ ಪ್ರಪಂಚದ ಸರಾಸರಿಗಿಂತ ಕಡಿಮೆ ನಿಜ, ಒಟ್ಟು ಲೆಕ್ಕದಲ್ಲಿ ನಾವು ಮೂರನೆಯವರು. ಅದನ್ನು ಮುಚ್ಚಿಟ್ಟು ಪಾಠ ಮಾಡಬಾರದು. ತುವಾಲುವಿನ ಪಾಲು? ಲೆಕ್ಕಕ್ಕೇ ಸಿಗದಷ್ಟು.

ಆಸ್ಟ್ರೇಲಿಯಾದ ‘ಔದಾರ್ಯ’ವನ್ನೂ ಸ್ವಲ್ಪ ನೋಡಬೇಕು. 2023ರ ನವೆಂಬರಿನಲ್ಲಿ ಸಹಿಯಾದ ‘ಫಲೆಪಿಲಿ’ ಒಪ್ಪಂದದಂತೆ ವರ್ಷಕ್ಕೆ 280 ತುವಾಲು ಜನ ಅಲ್ಲಿಗೆ ಹೋಗಿ ನೆಲೆಸಬಹುದು. 2025ರ ಮೊದಲ ಚೀಟಿ ಎತ್ತುವಿಕೆಗೆ ಕುಟುಂಬದವರೂ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. ದಾರಿ ತೆರೆದದ್ದು ಒಳ್ಳೆಯದೇ, ಹೆಸರು ಕೊಟ್ಟವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ತುವಾಲು ಬೇರೆ ದೇಶದೊಡನೆ ಭದ್ರತೆಯ ಒಪ್ಪಂದ ಮಾಡಿಕೊಳ್ಳಬೇಕಾದರೆ ಆಸ್ಟ್ರೇಲಿಯಾದ ಒಪ್ಪಿಗೆ ಬೇಕು ಎಂಬ ಷರತ್ತೂ ಅದರಲ್ಲೇ ಇದೆ. ಅದೇ ಆಸ್ಟ್ರೇಲಿಯಾ ಪ್ರಪಂಚಕ್ಕೆ ಕಲ್ಲಿದ್ದಲು ಮಾರುವ ದೇಶಗಳ ಮುಂಚೂಣಿಯಲ್ಲಿದೆ. ನಮ್ಮ ದೇಶದ ಉಕ್ಕಿನ ಕುಲುಮೆಗಳಿಗೂ ಅಲ್ಲಿಂದಲೇ ಬರುತ್ತದೆ. ಮನೆಗೆ ಬೆಂಕಿ ಇಟ್ಟವರಲ್ಲಿ ಒಬ್ಬ, ಜಗಲಿಯಲ್ಲಿ ಮಲಗಲು ಚಾಪೆ ಕೊಟ್ಟರೆ ದಾನಿ ಎನ್ನಬೇಕೇ?

ತುವಾಲು ಜನ ಮಾತ್ರ ಕೈಕಟ್ಟಿ ಕುಳಿತಿಲ್ಲ. 2021ರಲ್ಲಿ ಮಂತ್ರಿ ಸೈಮನ್ ಕೋಫೆ ಮೊಣಕಾಲು ಮಟ್ಟದ ಸಮುದ್ರದಲ್ಲಿ ನಿಂತು ಜಾಗತಿಕ ಹವಾಮಾನ ಸಮ್ಮೇಳನಕ್ಕೆ ಭಾಷಣ ಕಳುಹಿಸಿದ್ದು ಹಲವರಿಗೆ ನೆನಪಿರಬಹುದು. ಫೋಟೋ ಎಲ್ಲೆಡೆ ಬಂತು, ಮುಂದಿನದ್ದು ಬರಲಿಲ್ಲ. 2023ರಲ್ಲಿ, ನೆಲ ಹೋದರೂ ದೇಶ ಇರುತ್ತದೆ ಎಂದು ಸಂವಿಧಾನದಲ್ಲೇ ಬರೆದುಕೊಂಡರು. ಫುನಾಫುಟಿಯಲ್ಲಿ ಸಮುದ್ರ ತುಂಬಿಸಿ ಸುಮಾರು 7 ಹೆಕ್ಟೇರ್ ಎತ್ತರದ ನೆಲ ಮಾಡಿಕೊಂಡರು. ಇತರ ಪುಟ್ಟ ದ್ವೀಪರಾಷ್ಟ್ರಗಳ ಜೊತೆ ಸಮುದ್ರ ಕಾನೂನಿನ ನ್ಯಾಯಮಂಡಳಿಗೆ ಹೋದರು. ಹಸಿರುಮನೆ ಅನಿಲವೂ ಸಮುದ್ರದ ಮಾಲಿನ್ಯವೇ ಎಂದು ಅದು 2024ರ ಮೇ ತಿಂಗಳಲ್ಲಿ ಅಭಿಪ್ರಾಯ ಕೊಟ್ಟಿತು. ವನುವಾಟು ಮುಂದಾಳತ್ವದಲ್ಲಿ ಎತ್ತಿದ ಪ್ರಶ್ನೆಗೆ ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈಯಲ್ಲಿ ಉತ್ತರಿಸಿತು: ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಬಾಧ್ಯತೆ, ತಪ್ಪಿದರೆ ಪರಿಹಾರ ಕೊಡಬೇಕಾಗಬಹುದು. ಇದು ಸಲಹೆಯ ರೂಪದ ಅಭಿಪ್ರಾಯ, ಜಾರಿ ಮಾಡಿಸುವ ಪೊಲೀಸರಿಲ್ಲ. ಆದರೂ ಅನುಕಂಪ ಬೇಡುತ್ತಿದ್ದ ವಿಷಯ ಈಗ ವಸೂಲಿಯ ವಿಷಯವಾಗಿದೆ, ಅದು ಸಣ್ಣ ಮಾತಲ್ಲ.

‘ಮುಳುಗುತ್ತಿರುವ ದೇಶ’ ಎನ್ನುವವರು ಇದಾವುದನ್ನೂ ಹೇಳಬೇಕಿಲ್ಲ. ಮುಳುಗುವುದು ವಿಧಿ, ನಿಟ್ಟುಸಿರು ಬಿಟ್ಟು ಪುಟ ತಿರುಗಿಸಿದರಾಯಿತು. ಸಹೋದ್ಯೋಗಿಗಳೇ, ಮುಂದಿನ ಪರಿಸರ ದಿನಕ್ಕೆ ಮಕ್ಕಳಿಂದ ತುವಾಲು ಬಗ್ಗೆ ಬರೆಸುವುದಾದರೆ ಕಣ್ಣೀರಿನ ಪ್ರಬಂಧ ಬರೆಸಬೇಡಿ. ಮೂರು ಪ್ರಶ್ನೆ ಕೊಡಿ: ಬಾವಿಗೆ ಉಪ್ಪು ಹೇಗೆ ಬಂತು? ಹೊಗೆ ಯಾರ ಚಿಮಣಿಯದ್ದು? ನಷ್ಟ ಕಟ್ಟಿಕೊಡಬೇಕಾದವರು ಯಾರು? ಉತ್ತರದಲ್ಲಿ ನಮ್ಮ ದೇಶದ ಹೆಸರು ಬಂದರೂ ಅಂಕ ಕಡಿಯಬೇಡಿ.