ಗೋಡೆಯ ಪಾಲು

ಚಿತ್ರಪ್ರದರ್ಶನವೊಂದನ್ನು ಏರ್ಪಡಿಸುವ ಕಲಾವಿದನು ತನ್ನ ಚಿತ್ರಗಳನ್ನೂ ಅದರಲ್ಲಿ ಇಡಬಹುದೆ? ಈ ಪ್ರಶ್ನೆಯನ್ನು ನನ್ನೆದುರಿಗೆ ಕೇಳಿದವರು ಕಡಿಮೆ. ಹಿಂದಿನಿಂದ ಆಡಿಕೊಂಡವರು ಹೆಚ್ಚು. ಬಡಿಸುವವನು ನಮ್ಮವನಾದರೆ ಕಡೆಯ ಪಂಕ್ತಿಯಲ್ಲಿ ಕುಳಿತರೇನು ಎಂದು ಗಾದೆಯೇ ಇದೆ. ಹಾಗಿರುವಾಗ ಬಡಿಸುವವನೇ ಎಲೆ ಹಾಕಿಕೊಂಡು ಕುಳಿತರೆ ಪಾಯಸ ಯಾರ ಎಲೆಗೆ ಹೆಚ್ಚಾಗಿ ಬಿದ್ದೀತೆಂಬುದನ್ನು ಬಿಡಿಸಿ ಹೇಳಬೇಕೆ ಎಂಬುದು ಅವರ ವಾದ. ಈ ವಾದವು ಹುರುಳಿಲ್ಲದುದೆಂದು ನಾನು ಹೇಳಲಾರೆ. ಆದರೆ ಅದರಿಂದ ಅವರು ತೆಗೆಯುವ ತೀರ್ಮಾನ, ಎಂದರೆ ಏರ್ಪಡಿಸುವವನು ದೂರ ನಿಲ್ಲಬೇಕೆಂಬುದು, ನನಗೆ ಒಪ್ಪಿಗೆಯಿಲ್ಲ. ಏಕೆ ಇಲ್ಲವೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ.

ನಾನಿರುವುದು ಬಿಳಗಿಯಲ್ಲಿ. ಬಾಗಲಕೋಟೆ ಸೀಮೆಯ ಬೀಳಗಿಯಲ್ಲ; ಸಿದ್ದಾಪುರದಿಂದ ಕುಮಟೆಯ ಕಡೆಗೆ ಹೋಗುವ ದಾರಿಯಲ್ಲಿ ಸಿಕ್ಕುವ ಬಿಳಗಿ. ಗೆಳೆಯರೊಬ್ಬರು ಕಳುಹಿಸಿದ ಚಿತ್ರಗಳ ಕಟ್ಟೊಂದು ವಿಳಾಸದಲ್ಲಿ ಸೇರಿಕೊಂಡ ಒಂದೇ ಒಂದು ದೀರ್ಘದ ದೆಸೆಯಿಂದ ಆ ಊರನ್ನು ನೋಡಿಕೊಂಡು ಬಂದದ್ದೂ ಉಂಟು. ನಮ್ಮ ಬಿಳಗಿ ಹಿಂದೆ ಒಂದು ಅರಸುಮನೆತನದ ರಾಜಧಾನಿಯಾಗಿತ್ತು. ಆ ಕಾಲದ ಕುರುಹಾಗಿ ರತ್ನತ್ರಯ ಬಸದಿ ಇಂದಿಗೂ ನಿಂತಿದೆ. ಅರಸರು ಹೋದರು, ಕಲ್ಲು ಉಳಿಯಿತು. ಇಂದು ಇದು ಅಡಕೆ ತೋಟಗಳ ನಡುವಿನ ಒಂದು ಹಳ್ಳಿ. ಇಲ್ಲಿ ಚಿತ್ರಶಾಲೆಯಿಲ್ಲ, ಚಿತ್ರ ಕೊಳ್ಳುವ ಶ್ರೀಮಂತರ ಗುಂಪಿಲ್ಲ, ಚಿತ್ರವನ್ನು ವಿಮರ್ಶಿಸಿ ಬರೆಯುವ ಪತ್ರಿಕೆಯೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಕಾಗದಕ್ಕೆ ಬೂಷ್ಟು ಹಿಡಿಯದಂತೆ ಕಾಯುವುದೇ ಚಿತ್ರಗಾರನಿಗೆ ದೊಡ್ಡ ಕೆಲಸ. ಮಳೆ ನಿಂತು ಗೋಡೆ ಒಣಗುವ ಹೊತ್ತಿಗೆ ಕೊನೆಕೊಯ್ಲು ಬರುತ್ತದೆ. ರಾತ್ರಿ ಅಡಕೆ ಸುಲಿಯುವ ಮನೆಮಂದಿಗೆ ಹಗಲಲ್ಲಿ ಚಿತ್ರ ನೋಡುವ ಪುರಸತ್ತಿರುವುದಿಲ್ಲ. ಇವೆರಡರ ನಡುವೆ ಸಿಕ್ಕುವ ಕೆಲವೇ ದಿನಗಳಲ್ಲಿ ಪ್ರದರ್ಶನ ನಡೆಯಬೇಕು. ಶಾಲೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಆದುದರಿಂದ ಅಡಕೆ ದಬ್ಬೆಯ ಚೌಕಟ್ಟು ಕಟ್ಟಿ, ಅದಕ್ಕೆ ಗೋಣಿತಟ್ಟು ಬಿಗಿದು, ಗೋಡೆಯನ್ನೇ ನಾವು ನಿರ್ಮಿಸಿಕೊಳ್ಳುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದ ಹತ್ತು ಹನ್ನೆರಡು ಮಂದಿ ಬರುತ್ತಾರೆ: ಡ್ರಾಯಿಂಗ್ ಮಾಸ್ತರರು, ನಾಮಫಲಕ ಬರೆಯುವವರು, ಗಣಪತಿ ಮಾಡುವವರು, ಕಾಲೇಜಿನ ಹುಡುಗಿಯರು. ಗಾಜು ಹಾಕಿದ ಚೌಕಟ್ಟುಗಳನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಾರೆ.

ಇಂಥಲ್ಲಿ ಕಲಾವಿದ ಏರ್ಪಡಿಸದಿದ್ದರೆ ಬೇರೆ ಯಾರು ಏರ್ಪಡಿಸಿಯಾರು? ದೂರ ನಿಲ್ಲಬೇಕೆಂಬ ಉಪದೇಶ ಮಹಾನಗರಕ್ಕೆ ಒಪ್ಪೀತು. ಅಲ್ಲಿ ಏರ್ಪಡಿಸುವುದನ್ನೇ ವೃತ್ತಿಯಾಗಿಸಿಕೊಂಡವರು ಇದ್ದಾರೆ. ಇಲ್ಲಿ ದೂರ ನಿಲ್ಲುವುದೆಂದರೆ ಪ್ರದರ್ಶನವೇ ಇಲ್ಲದಂತಾಗುವುದು.

ಇದು ಹಳ್ಳಿಗಾಡಿನ ಅನಿವಾರ್ಯವಷ್ಟೆ ಎಂದು ಯಾರೂ ತಿಳಿಯಬಾರದು. ಕಲೆಯ ಇತಿಹಾಸದಲ್ಲಿ ಹೆಸರಾದ ಸಮೂಹ ಪ್ರದರ್ಶನಗಳನ್ನು ಕಲಾವಿದರೇ ಕಟ್ಟಿದರು, ಕಟ್ಟಿದವರೇ ಭಾಗವಹಿಸಿದರು. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೊನೆ, ರೆನ್ವಾರ್, ಡೆಗಾ, ಪಿಸಾರೊ, ಬರ್ತ್ ಮೊರಿಸೊ ಮೊದಲಾದ ಮೂವತ್ತು ಮಂದಿ ಒಂದು ಸಹಕಾರಿ ಕೂಟವಾಗಿ ಸೇರಿ ತಮ್ಮ ಚಿತ್ರಗಳನ್ನು ತೋರಿಸಿದರು. ಸರ್ಕಾರದ ಆಶ್ರಯದ ದೊಡ್ಡ ಪ್ರದರ್ಶನದಲ್ಲಿ ಯಾವ ಚಿತ್ರ ಬರಬೇಕು, ಯಾವುದು ಬರಬಾರದು ಎಂಬುದನ್ನು ತೀರ್ಪುಗಾರರ ಮಂಡಳಿ ನಿರ್ಧರಿಸುತ್ತಿತ್ತು. ಆ ಬಾಗಿಲಲ್ಲಿ ಕಾದು ಸಾಕಾದವರು ನಾದಾರ್ ಎಂಬ ಛಾಯಾಚಿತ್ರಗಾರನ ಸ್ಟುಡಿಯೋದಲ್ಲಿ ತಮ್ಮ ಬಾಗಿಲನ್ನು ತಾವೇ ತೆರೆದರು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಅವರು ಮಾಡಿಕೊಂಡ ಒಂದು ಏರ್ಪಾಡು. ಚಿತ್ರಗಳನ್ನು ಅಳತೆಗೆ ತಕ್ಕಂತೆ ವಿಂಗಡಿಸಿ, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುವುದೆಂದು ಅವರು ಮೊದಲೇ ನಿರ್ಣಯಿಸಿದ್ದರು. ತೂಗುಹಾಕುವ ದುಡಿಮೆಯ ಬಹುಪಾಲು ರೆನ್ವಾರನ ಹೆಗಲಿಗೆ ಬಿತ್ತು. ದುಡಿಮೆ ಒಬ್ಬನದಾಗಬಹುದು, ಹಂಚಿಕೆ ಒಬ್ಬನದಾಗಬಾರದು ಎಂಬ ವಿವೇಕ ಆ ನಿರ್ಣಯದಲ್ಲಿದೆ.

ಆ ಪ್ರದರ್ಶನದ ಲೆಕ್ಕವನ್ನೂ ನೋಡಬೇಕು. ಒಂದು ತಿಂಗಳಲ್ಲಿ ಬಂದವರು ಸುಮಾರು 3,500 ಮಂದಿ. ಅವರಲ್ಲಿ ನಗುವುದಕ್ಕೆಂದು ಬಂದವರೇ ಬಹಳ. ವರ್ಷಾಂತ್ಯದಲ್ಲಿ ಲೆಕ್ಕ ಮಾಡಿದಾಗ ಪ್ರತಿಯೊಬ್ಬ ಸದಸ್ಯನೂ 184 ಫ್ರಾಂಕು 50 ಸಾಂಟೀಮು ತೆರಬೇಕಾಗಿ ಬಂತು, ಕೂಟ ವಿಸರ್ಜನೆಯಾಯಿತು. ಆದರೂ 1886ರವರೆಗೆ ಒಟ್ಟು ಎಂಟು ಪ್ರದರ್ಶನಗಳು ನಡೆದವು. ಎಂಟರಲ್ಲಿಯೂ ಚಿತ್ರವಿಟ್ಟವನು ಪಿಸಾರೊ ಒಬ್ಬನೇ. ಇಂದು ಆ ಮೂವತ್ತು ಹೆಸರುಗಳಲ್ಲಿ ಏಳೆಂಟನ್ನು ಮಾತ್ರ ಜಗತ್ತು ನೆನೆಯುತ್ತದೆ. ಆದರೆ ಉಳಿದವರೂ ತಮ್ಮ ಪಾಲಿನ ನಷ್ಟವನ್ನು ಹೊತ್ತದ್ದರಿಂದಲೇ ಆ ಏಳೆಂಟು ಮಂದಿಗೆ ಗೋಡೆ ಸಿಕ್ಕಿತೆಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿಯೂ ಹೀಗೆಯೇ ನಡೆದಿದೆ. 1947ರಲ್ಲಿ ಮುಂಬಯಿಯಲ್ಲಿ ಸೂಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಎಂಬ ಆರು ಮಂದಿ ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿ, 1949ರಲ್ಲಿ ಒಟ್ಟಾಗಿ ಚಿತ್ರಗಳನ್ನು ತೋರಿಸಿದರು. ಸ್ವಲ್ಪ ಕಾಲದಲ್ಲಿಯೇ ಸೂಜಾ ಲಂಡನ್ನಿಗೂ ರಜಾ ಪ್ಯಾರಿಸ್ಸಿಗೂ ಹೋದರು. ಗುಂಪು ಬಹುಕಾಲ ಬಾಳಲಿಲ್ಲ. ಬಾಳದಿದ್ದರೂ ಕೆಲಸ ಮಾಡಿತು. 1966ರಲ್ಲಿ ಮದರಾಸಿನ ಬಳಿ ಕೆ. ಸಿ. ಎಸ್. ಪಣಿಕ್ಕರ್ ಅವರ ನೇತೃತ್ವದಲ್ಲಿ ಚೋಳಮಂಡಲದ ಕಲಾಗ್ರಾಮ ಹುಟ್ಟಿತು. ಅಲ್ಲಿ ಕಲಾವಿದರು ಬಾಟಿಕ್ ಮೊದಲಾದ ಕೈಕೆಲಸಗಳಿಂದ ಹಣ ಸಂಪಾದಿಸಿ ತಮ್ಮ ನೆಲೆಯನ್ನು ತಾವೇ ಕಟ್ಟಿಕೊಂಡರು. ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಆ ಸ್ಥಾಪಕರಲ್ಲಿ ಒಬ್ಬರು. ಏರ್ಪಡಿಸುವವನು ದೂರ ನಿಲ್ಲಬೇಕೆಂಬ ನಿಯಮವನ್ನು ಇವರೆಲ್ಲ ಪಾಲಿಸಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ.

ಹಾಗಾದರೆ ಗಾದೆಯ ಮಾತು ಸುಳ್ಳೆ? ಅಲ್ಲ. ಒಂದು ಪಟ್ಟಣದ ಪ್ರದರ್ಶನಕ್ಕೆ ನಾನು ಚಿತ್ರ ಒಯ್ದಿದ್ದಾಗ ಅದರ ಸತ್ಯ ನನಗೆ ಕಂಡಿತು. ಏರ್ಪಡಿಸಿದವರ ಐದು ದೊಡ್ಡ ಚಿತ್ರಗಳು ಬಾಗಿಲಿಗೆ ಎದುರಾಗಿ ಬೆಳಕಿನಲ್ಲಿದ್ದವು. ನಮ್ಮಂಥವರವು ಒಳಗಿನ ಓಣಿಯಲ್ಲಿ, ನೀರಿನ ಹಂಡೆಯ ಪಕ್ಕದಲ್ಲಿ ಇದ್ದವು. ಮುಖ್ಯ ಅತಿಥಿಗಳು ದೀಪ ಬೆಳಗಿಸಿ, ಬಾಗಿಲಿನ ಎದುರಿನ ಗೋಡೆಯನ್ನು ಹೊಗಳಿ, ಓಣಿಯವರೆಗೆ ಬಾರದೆ ಕಾರು ಹತ್ತಿದರು. ನನ್ನ ಪಕ್ಕದಲ್ಲಿ ತನ್ನ ಮೊದಲ ಚಿತ್ರವನ್ನು ತೂಗಿಸಿದ್ದ ಹುಡುಗನೊಬ್ಬ ಸಂಜೆಯವರೆಗೆ ಅದರ ಬಳಿಯೇ ನಿಂತಿದ್ದ. ಅವನು ಆಮೇಲೆ ಯಾವ ಪ್ರದರ್ಶನಕ್ಕೂ ಬರಲಿಲ್ಲವೆಂದು ಕೇಳಿದೆ. ಗೋಡೆಯ ಪಾಲು ತಪ್ಪಿದರೆ ಹೋಗುವುದು ಮರ್ಯಾದೆಯೊಂದೇ ಅಲ್ಲ. ಒಬ್ಬ ಕಲಾವಿದನೇ ಹೋಗಿಬಿಡಬಹುದು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಏರ್ಪಡಿಸುವವನು ಭಾಗವಹಿಸಲಿ, ಆದರೆ ಗೋಡೆ ಹಂಚುವ ಅಧಿಕಾರ ಅವನ ಕೈಯಲ್ಲಿರಬಾರದು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಆರು ಅಡಿ ಗೋಡೆ. ಅದರಲ್ಲಿ ಒಂದು ಚಿತ್ರ ಇಡುವುದೋ ನಾಲ್ಕು ಇಡುವುದೋ ಅವರವರ ಇಷ್ಟ. ಜಾಗವನ್ನು ಚೀಟಿಯಿಂದ ಗೊತ್ತುಮಾಡುತ್ತೇವೆ. ಚೀಟಿ ಎತ್ತುವುದು ನಾಲ್ಕನೆಯ ಇಯತ್ತೆಯ ಮಗು. ಏರ್ಪಡಿಸಿದವನ ಚೀಟಿಯನ್ನು ಡಬ್ಬಿಗೆ ಹಾಕುವುದೇ ಇಲ್ಲ. ಎಲ್ಲರ ಪಾಲೂ ಮುಗಿದ ಮೇಲೆ ಉಳಿದದ್ದು ಅವನದು. ಖರ್ಚನ್ನು ಸಮನಾಗಿ ಹಂಚಿ, ಲೆಕ್ಕದ ಹಾಳೆಯನ್ನು ಬಾಗಿಲಲ್ಲಿ ಅಂಟಿಸುತ್ತೇವೆ; ದಬ್ಬೆ, ಗೋಣಿ, ಸುತಳಿ, ಚಹಾ ಎಲ್ಲವೂ ಅದರಲ್ಲಿ ಬರುತ್ತವೆ. ಚಿತ್ರ ನೋಡಲು ಬಂದವರಲ್ಲಿ ಕೆಲವರು ಚಿತ್ರಕ್ಕಿಂತ ಹೆಚ್ಚು ಹೊತ್ತು ಆ ಹಾಳೆಯನ್ನು ಓದುತ್ತಾರೆ. ಓದಲಿ, ಅದರಿಂದ ನಂಬಿಕೆ ಬೆಳೆಯುತ್ತದೆ.

ಇನ್ನು ಹೆಸರಿನ ಮಾತು. ಇದು ಗೋಡೆಯ ಮಾತಿಗಿಂತ ತೊಡಕಿನದು. ನಮ್ಮ ಸಿದ್ದಾಪುರ ಮತ್ತು ನೆರೆಯ ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಚಿತ್ತಾರವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಕೆಮ್ಮಣ್ಣು ಸಾರಿಸಿದ ಗೋಡೆ, ಅರೆದ ಅಕ್ಕಿಯ ಬಿಳುಪು, ಕರಿಕಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಮದುವೆಯ ಹಸೆಗೋಡೆಯ ಮೇಲೆ ಕೈನಡುಗದೆ ಎಳೆದ ಆ ಎಳೆಗಳ ನೇರ್ಪನ್ನು ನೋಡಿದರೆ, ಅಳತೆಪಟ್ಟಿ ಹಿಡಿದು ಕಲಿತ ನಮಗೆ ನಾಚಿಕೆಯಾಗಬೇಕು. ಭೂಮಿಹುಣ್ಣಿಮೆಗೆ ಮನೆಮನೆಯಲ್ಲಿ ಬುಟ್ಟಿಗೆ ಚಿತ್ತಾರ ಬರೆದು, ಬೆಳಗಿನ ಜಾವದಲ್ಲಿ ಅದರಲ್ಲಿ ಎಡೆಯನ್ನಿಟ್ಟು ಗದ್ದೆಗೆ ಒಯ್ಯುತ್ತಾರೆ. ಆಹ್ವಾನಪತ್ರಿಕೆಯಿಲ್ಲದೆ, ಉದ್ಘಾಟಕರಿಲ್ಲದೆ, ಒಂದು ಸೀಮೆಯ ಕಲೆಯೆಲ್ಲ ಒಂದೇ ಬೆಳಗಿನಲ್ಲಿ ಹೊರಗೆ ಬರುವ ಆ ಬುಟ್ಟಿಗಳ ಸಾಲಿಗಿಂತ ಹಳೆಯ ಸಮೂಹ ಪ್ರದರ್ಶನ ನಮ್ಮಲ್ಲಿ ಇದೆಯೆ?

ಆದರೆ ಇದೇ ಚಿತ್ತಾರ ಪಟ್ಟಣದ ಪ್ರದರ್ಶನಕ್ಕೆ ಬಂದಾಗ ಏನಾಗುತ್ತದೆ? ನಮ್ಮ ಜಲವರ್ಣದ ಕೆಳಗೆ ನಮ್ಮ ಹೆಸರು, ಊರು, ಬೆಲೆ ಎಲ್ಲ ಇರುತ್ತವೆ. ಚಿತ್ತಾರದ ಕೆಳಗೆ ‘ಜನಪದ ಕಲೆ’ ಎಂಬ ಎರಡೇ ಮಾತು. ಜನಪದವೆಂಬ ಹೆಸರಿನ ಹೆಂಗಸು ಯಾವ ಊರಿನಲ್ಲಿಯೂ ಇಲ್ಲ. ಬರೆದವಳಿಗೆ ಒಂದು ಹೆಸರಿದೆ, ಒಂದು ಮನೆಯಿದೆ. ಆದುದರಿಂದ ನಮ್ಮ ಪ್ರದರ್ಶನಕ್ಕೆ ಒಬ್ಬ ತಾಯಿಯನ್ನು ಕರೆಯಲು ಹೋದಾಗ, ನಿಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತೇವೆ ಎಂದೆ. ಅವರು ನಕ್ಕು ಹೇಳಿದರು: “ಯಾರ ಹೆಸರು ಬರೀತೀರಿ ಮಾಸ್ತರ್ರೆ? ಎಳೆ ಎಳೆದದ್ದು ನಾನು, ಹೌದು. ಅಕ್ಕಿ ಅರೆದದ್ದು ನಮ್ಮ ಅತ್ತಿಗೆ. ಪುಂಡಿನಾರು ಹದ ಮಾಡಿ ಕಟ್ಟಿಕೊಟ್ಟವರು ಅತ್ತೆ. ಕೆಮ್ಮಣ್ಣು ಸೋಸಿದ್ದು ಮಗಳು. ನನ್ನ ಹೆಸರು ಒಂದನ್ನೇ ಬರೆದರೆ ನಾನು ಮನೆಗೆ ಹೋಗೋದು ಹೆಂಗೆ?”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹೆಸರಿಲ್ಲದಿರುವುದು ಅನ್ಯಾಯ; ಒಂದೇ ಹೆಸರಿರುವುದೂ ಅವರಿಗೆ ಅನ್ಯಾಯ. ಕಡೆಗೆ ನಾಲ್ವರ ಹೆಸರನ್ನೂ ಬರೆದೆವು. ಪಟ್ಟಿ ಚಿತ್ರಕ್ಕಿಂತ ಉದ್ದವಾಯಿತೆಂದು ಯಾರೋ ಹಾಸ್ಯ ಮಾಡಿದರು. ಆದರೆ ಅದೇ ದಿನ ನಮ್ಮಲ್ಲಿ ಒಬ್ಬರು ತಮ್ಮ ಚಿತ್ರದ ಕೆಳಗೆ, ಚೌಕಟ್ಟು ಮಾಡಿಕೊಟ್ಟ ಬಡಗಿಯ ಹೆಸರನ್ನೂ ಸೇರಿಸಿದರು. ಕಲೆಯನ್ನು ಒಬ್ಬನ ಪ್ರತಿಭೆಯೆಂದೇ ಕಾಣಲು ಕಲಿತ ನಮಗೆ, ಅದನ್ನು ಒಂದು ಮನೆಯ ದುಡಿಮೆಯಾಗಿ ಕಾಣುವವರು ಪಕ್ಕದ ಗೋಡೆಯಿಂದಲೇ ಪಾಠ ಹೇಳಿದರು. ಸಮೂಹ ಪ್ರದರ್ಶನದ ಪ್ರಯೋಜನವೇನೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಮೊಬೈಲಿನ ಪರದೆಯಲ್ಲಿ ಎಲ್ಲ ಚಿತ್ರಗಳೂ ಅಂಗೈಯಗಲವೇ. ಒಂದರ ಪಕ್ಕದಲ್ಲಿ ಇನ್ನೊಂದು ನಿಂತು ಅದರ ಅಳತೆಯನ್ನು ತೋರಿಸಿಕೊಡುವುದು ಗೋಡೆಯ ಮೇಲೆ ಮಾತ್ರ.

ಕಲಾವಿದನ ಏಕಾಂತಕ್ಕೆ ಇದರಿಂದ ಭಂಗ ಬಾರದೆ ಎಂಬ ಆಕ್ಷೇಪವೊಂದು ಉಳಿಯುತ್ತದೆ. ಬರುತ್ತದೆ, ನಿಜ. ಗೋಣಿ ಹೊಲಿಯುವ ಹದಿನೈದು ದಿನ ಕುಂಚ ಮುಟ್ಟಲಾಗುವುದಿಲ್ಲ. 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರು ಏಕಾಂತವನ್ನು ತಪಸ್ಸಿನಂತೆ ಪಾಲಿಸಿದವರು. ಅವರ ನೀಲಗಿರಿಯ ಚಿತ್ರಗಳ ಮಂಜಿನಲ್ಲಿ ಆ ಏಕಾಂತವೇ ಕಾಣುತ್ತದೆ. ಆದರೆ ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಎದ್ದ ಚಿತ್ರಶಾಲೆ ಹೊಸ ಕಲಾವಿದರು ಗುಂಪುಗೂಡಿ ಚಿತ್ರವಿಡುವ ಸ್ಥಳವಾಯಿತು. ಅದನ್ನು ಖಾಸಗಿ ಸಂಸ್ಥೆಯೊಂದರ ಕೈಗೆ ಒಪ್ಪಿಸುವ ಯೋಚನೆಯನ್ನು ವಿರೋಧಿಸಿ 2016ರಲ್ಲಿ ಕಲಾವಿದರು ಒಟ್ಟಾಗಿ ಬೀದಿಗೆ ಬಂದರು. ಏಕಾಂತದಲ್ಲಿ ಹುಟ್ಟಿದ ಚಿತ್ರವನ್ನೂ ನಾಲ್ಕು ಜನ ನೋಡುವಂತಾಗಬೇಕಾದರೆ ಯಾರೋ ಒಬ್ಬರು ಗೋಡೆಯನ್ನು ಕಾಯಬೇಕು. ಆ ಕಾವಲು ಎಲ್ಲರಿಗೂ ಸರದಿಯಂತೆ ಬರುವಂತಿರಲಿ. ಒಬ್ಬನೇ ವರ್ಷವರ್ಷವೂ ಏರ್ಪಡಿಸುತ್ತ ಹೋದರೆ ಅವನ ಕುಂಚವೂ ಒಣಗುತ್ತದೆ, ಉಳಿದವರ ಹೊಣೆಯೂ ಒಣಗುತ್ತದೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತು 2004ರಿಂದ ಚಿತ್ರಸಂತೆಯನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಒಂದು ದಿನ ಬೀದಿಯೇ ಗೋಡೆಯಾಗುತ್ತದೆ; ಸಾವಿರಾರು ಜನ ಬರುತ್ತಾರೆ. ನಮ್ಮವರೂ ಹೋಗಿ ಬರಲಿ. ಆದರೆ ಚಿತ್ರ ನೋಡುವ ಕಣ್ಣು ಊರಿನಲ್ಲಿಯೇ ಬೆಳೆಯಬೇಕಾದರೆ ಊರಿನ ಶಾಲೆಯ ಕೋಣೆ ವರ್ಷಕ್ಕೆ ನಾಲ್ಕು ದಿನವಾದರೂ ತೆರೆದಿರಬೇಕು. ಇದನ್ನು ಓದುವ ಅಧ್ಯಾಪಕರಲ್ಲಿ ನನ್ನ ವಿನಂತಿ ಇದು: ಆ ನಾಲ್ಕು ದಿನ ಕೋಣೆಯ ಬೀಗದ ಕೈಯನ್ನು ನಿಮ್ಮ ಊರಿನ ಚಿತ್ರಗಾರರಿಗೆ ಕೊಡಿ, ಮಕ್ಕಳನ್ನು ಸಾಲಾಗಿ ಕರೆತಂದು ಸಾಲಾಗಿ ಕರೆದೊಯ್ಯದೆ, ಪ್ರತಿಯೊಂದು ಮಗುವೂ ಒಂದು ಚಿತ್ರದ ಮುಂದೆ ತನಗೆ ಬೇಕಾದಷ್ಟು ಹೊತ್ತು ನಿಲ್ಲಲು ಬಿಡಿ. ಚಿತ್ರಗಾರ ಬಂಧುಗಳಲ್ಲಿಯೂ ಒಂದು ವಿನಂತಿ: ಬಡಿಸಿರಿ, ಪಂಕ್ತಿಯಲ್ಲಿ ನೀವೂ ಕುಳಿತುಕೊಳ್ಳಿರಿ, ಕುಳಿತುಕೊಳ್ಳುವ ಮೊದಲು ಸೌಟನ್ನು ಇನ್ನೊಬ್ಬರ ಕೈಗೆ ಕೊಡಿರಿ.