ಒಂದು ಮೊಳದೊಳಗೆ ಫ್ಯೂಸ್

ಮಕ್ಕಳೇ, ಹೋದ ಭಾನುವಾರ ನಮ್ಮ ಅಳಿಯಂದಿರು ಕಾರಿನ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸಲು ಹೊರಟರು. ಹಾಡಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ ಅದು. ಅದರ ಹಸಿವಿಗೆ ಕಾರಿನ ಸ್ಟೀರಿಯೋದ ಸಣ್ಣ ವೈರು ಸಾಲದು. ಬಾನೆಟ್ಟಿನ ಕೆಳಗಿರುವ ಬ್ಯಾಟರಿಯಿಂದಲೇ ಕಿರುಬೆರಳು ದಪ್ಪದ ಕೆಂಪು ವೈರನ್ನು ಹಿಂದಿನವರೆಗೆ ಎಳೆಯಬೇಕು. ನಾನು ಕಾಫಿ ಲೋಟ ಹಿಡಿದು ಹೋಗುವಷ್ಟರಲ್ಲಿ ವೈರು ಎಳೆದು, ಬ್ಯಾಟರಿಗೆ ಬಿಗಿದೂ ಆಗಿತ್ತು.

"ಫ್ಯೂಸ್ ಎಲ್ಲಿ?" ಎಂದೆ.

"ಆಂಪ್ಲಿಫೈಯರಿನಲ್ಲೇ ಇದೆಯಲ್ಲ ಮಾವ" ಎಂದರು.

ಮೊಮ್ಮಗನೂ ಅಪ್ಪನ ಪಕ್ಷ ಸೇರಿದ. "ತಾತ, ಇದು ಬರೀ 12 ವೋಲ್ಟು. ಮುಟ್ಟಿದರೂ ಶಾಕ್ ಹೊಡೆಯಲ್ಲ. ಅದಕ್ಕ್ಯಾಕೆ ಹೆದರಿಕೆ?"

ಹೆದರಬೇಕಾದ್ದು ಶಾಕಿಗಲ್ಲ, ಬೆಂಕಿಗೆ. ಅಡುಗೆಮನೆಯ 500 ವ್ಯಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಅದೇ 500 ವ್ಯಾಟನ್ನು 12 ವೋಲ್ಟಿನ ಬ್ಯಾಟರಿಯಿಂದ ತೆಗೆಯಲು 40 ಆಂಪಿಯರಿಗೂ ಹೆಚ್ಚು ಹರಿಯಬೇಕು. ವೈರನ್ನು ಕಾಯಿಸುವುದು ಈ ಆಂಪಿಯರ್. ವೈರು ಅಷ್ಟು ದಪ್ಪ ಇರುವುದೂ ಅದಕ್ಕೇ.

ಇನ್ನೊಂದು ಸಂಗತಿ ಇದೆ. ಬ್ಯಾಟರಿಯ ಮೈನಸ್ ತುದಿಯನ್ನು ಕಾರಿನ ಲೋಹದ ಮೈಗೇ ಜೋಡಿಸಿರುತ್ತಾರೆ. ಅಂದರೆ ಇಡೀ ಕಾರೇ ಒಂದು ಮೈನಸ್ ವೈರು! ನಮ್ಮ ಕೆಂಪು ವೈರಾದರೋ ಎಂಜಿನ್ನಿನ ಹಿಂದಿನ ತಗಡಿನ ತೂತಿನಲ್ಲಿ ನುಸುಳಿ, ಬಾಗಿಲಿನ ಅಂಚಿನಲ್ಲಿ ಸಾಗಿ, ಸೀಟಿನಡಿ ತೂರಿ ಹೋಗುತ್ತದೆ. ದಾರಿಯಲ್ಲಿ ಎಲ್ಲಾದರೂ ತಗಡಿನ ಅಂಚು ಅದರ ಸಿಪ್ಪೆ ಕೊಯ್ದರೆ ಪ್ಲಸ್ಸು, ಮೈನಸ್ಸು ನೇರ ಕೂಡಿ ಶಾರ್ಟ್ ಆಗುತ್ತದೆ. ಎಂಜಿನ್ನನ್ನೇ ತಿರುಗಿಸಿ ಎಬ್ಬಿಸುವ ಬ್ಯಾಟರಿ. ನೂರಾರು ಆಂಪಿಯರ್ ಒಮ್ಮೆಲೇ ನುಗ್ಗುತ್ತದೆ. ವೈರು ಕೆಂಪಗೆ ಕಾದು, ಸಿಪ್ಪೆ ಹೊತ್ತಿ, ಕಾರ್ಪೆಟ್ಟಿಗೂ ಬೆಂಕಿ ಹಿಡಿಯಬಹುದು. ಕೀಲಿ ತೆಗೆದು ಮನೆಯೊಳಗೆ ಊಟಕ್ಕೆ ಕೂತಿದ್ದರೂ ಹೀಗಾಗಬಹುದು.

ಆಗ ಡಿಕ್ಕಿಯಲ್ಲಿರುವ ಫ್ಯೂಸ್ ಏನು ಮಾಡೀತು? ಕಾಲುವೆ ನಡುದಾರಿಯಲ್ಲಿ ಒಡೆದಾಗ ಗದ್ದೆಯ ಬಾಯಿ ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಕೆರೆಯ ತೂಬನ್ನೇ ಮುಚ್ಚಬೇಕು. ಹಾಗೆಯೇ ಈ ವೈರಿನ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. 18 ಇಂಚಿನೊಳಗೆ ಎಂಬುದು ಈ ಕೆಲಸ ಬಲ್ಲವರ ಲೆಕ್ಕ. ಅಜ್ಜಿ ಹೂ ಅಳೆಯುವ ಒಂದು ಮೊಳ, ಅಷ್ಟೇ.

ಫ್ಯೂಸ್ ಎಷ್ಟು ಆಂಪಿಯರಿನದು? ಆ ವೈರು ತಡೆದುಕೊಳ್ಳುವುದಕ್ಕಿಂತ ಹೆಚ್ಚಿನದಂತೂ ಬೇಡ. ಪದೇ ಪದೇ ಸುಡುತ್ತದೆ ಎಂದು ಇನ್ನೂ ದೊಡ್ಡ ಫ್ಯೂಸ್ ತಂದು ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ವೈರೂ ಅಪ್ಪಟ ತಾಮ್ರದ್ದೇ ಆಗಿರಲಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ವೈರೂ ಮಾರಾಟಕ್ಕಿದೆ. ದಪ್ಪ ಒಂದೇ ಇದ್ದರೂ ಅದರ ತಾಕತ್ತು ಕಡಿಮೆ.

ಅಳಿಯಂದಿರು ಮರುಮಾತಾಡದೆ ಸ್ಪ್ಯಾನರ್ ಎತ್ತಿಕೊಂಡರು. ನೇರ ಪ್ಲಸ್ ತುದಿಗೇ ಹೋದರು!

"ತಡೀರಿ, ತಡೀರಿ! ಮೊದಲು ಕೈಯುಂಗುರ ತೆಗೀರಿ. ಆಮೇಲೆ ಮೈನಸ್ ಬಿಚ್ಚಿ."

ಮೈನಸ್ ಬಿಚ್ಚದೆ ಪ್ಲಸ್ಸಿಗೆ ಸ್ಪ್ಯಾನರ್ ಹಾಕಿ, ಅದರ ಇನ್ನೊಂದು ತುದಿ ಕಾರಿನ ಮೈಗೆ ತಗಲಿತೋ, ಸ್ಪ್ಯಾನರೇ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಉಂಗುರ ನಡುವೆ ಸಿಕ್ಕಿದರೆ ಬೆರಳೇ ಸುಡುತ್ತದೆ.

ಮತ್ತೆ ಶುರುವಾಯಿತು ಕೆಲಸ. ತಗಡಿನ ತೂತಿಗೆ ರಬ್ಬರ್ ಬುಷ್ ಬಂತು. ಆಂಪ್ಲಿಫೈಯರಿನ ಮೈನಸ್ ವೈರನ್ನು ಡಿಕ್ಕಿಯಲ್ಲಿ ಬಣ್ಣದ ಮೇಲೆಯೇ ಬಿಗಿದಿದ್ದರು. ಅಲ್ಲಿ ಬಣ್ಣ ಕೆರೆದು, ಬರೀ ಲೋಹ ಕಾಣಿಸಿ, ಬೋಲ್ಟ್ ಬಿಗಿದದ್ದಾಯಿತು. ಫ್ಯೂಸ್ ತರಲು ಮಾತ್ರ ಪೇಟೆಗೆ ಹೋಗಿಬರಬೇಕಾಯಿತು. ಬ್ಯಾಟರಿಯ ಮೈನಸ್ಸನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿದರು.

ಬಾನೆಟ್ ಮುಚ್ಚುವ ಮೊದಲು ಮೊಮ್ಮಗ ದೂರದಿಂದಲೇ ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಬ್ಯಾಟರಿಯಿಂದ ಫ್ಯೂಸಿನವರೆಗೆ ಅಳೆದ.

"ತಾತ, ನನ್ನ ಪುಟ್ಟ ಮೊಳದೊಳಗೂ ಬಂತು!"